ಜಯಕ್ಕನ ಕಡೆಯ ಗೋಡೆ

ದೆವ್ವದ ಕಥೆ ಹೇಳುವವರನ್ನು ಬಾಯಿ ತುಂಬ ಗೇಲಿ ಮಾಡಿದವಳು ನಾನು. ಈಗ ನೀವು ನನ್ನನ್ನು ಗೇಲಿ ಮಾಡಿದರೂ ಬೇಸರವಿಲ್ಲ.

ಪೇಟೆಯ ಇಕ್ಕಟ್ಟು ಸಾಕಾಗಿ ಜನ ಕೋಟೆಯ ಪಕ್ಕಕ್ಕೆ ಬಂದು ನೆಲೆಸಿದ ಬಡಾವಣೆ ನಮ್ಮ ಚಾಮರಾಜಪೇಟೆ. ಗೆರೆ ಎಳೆದಂಥ ರಸ್ತೆಗಳು, ಮನೆಗಳ ಹಿಂದೆ ಗಲ್ಲಿಗಳು. ಆದರೂ ಪೇಟೆಯ ಒತ್ತೊತ್ತು ಬಾಳು ಬಿಟ್ಟುಹೋಗಲಿಲ್ಲ. ನಮ್ಮ ಸಾಲಿನಲ್ಲಿ ಎರಡೆರಡು ಮನೆಗೆ ಒಂದೇ ಗೋಡೆ. ಆಚೆ ಮನೆಯವರಿಗೆ ಅಕ್ಕಿಪೇಟೆಯಲ್ಲಿ ಮಂಡಿ. ಆ ಮನೆಯ ಜಯಕ್ಕನೂ ನನ್ನ ಅಮ್ಮನೂ ಗೋಡೆ ತಟ್ಟಿಯೇ ಮಾತಾಡುತ್ತಿದ್ದರು. ತಟ್ಟಿದರೆ ‘ಬನ್ನಿ’ ಎಂದು ಕರೆದಂತೆ. ಉತ್ತರವಾಗಿ ಒಂದು ಸಲ ತಟ್ಟಿದರೆ ‘ಬಂದೆ’. ಎರಡು ಸಲ ತಟ್ಟಿದರೆ ‘ಆಗಲ್ಲ, ನೀವೇ ಬನ್ನಿ’. ಮೊಬೈಲ್ ಬಂದ ಮೇಲೂ ಇದು ನಿಲ್ಲಲಿಲ್ಲ.

ಜಯಕ್ಕ ತೀರಿಕೊಂಡ ಮೇಲೆ ಆ ಮನೆ ಮಾರಾಟವಾಯಿತು. ಕೊಂಡವರು ಅಪಾರ್ಟ್‌ಮೆಂಟ್ ಕಟ್ಟಲು ಅದನ್ನು ಕೆಡವಿದರು. ಉಳಿದದ್ದು ಆ ಗೋಡೆ, ಅದರ ಆಚೆ ಮೈಯಲ್ಲಿ ಅವರ ಅಡುಗೆಮನೆಯ ನೀಲಿ ಸುಣ್ಣ.

ಅದೇ ವರ್ಷ ಅಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಗಿ ಮನೆಗೆ ಬಂದರೂ ಜ್ವರ ಬಿಡಲಿಲ್ಲ. ಗೋಡೆ ಪಕ್ಕದ ಮಂಚದಲ್ಲಿ ದಿನದಿನಕ್ಕೂ ಸೊರಗುತ್ತಿದ್ದಳು. ಅವಳು ಕೈತಪ್ಪಿ ಹೋಗುತ್ತಾಳೆಂದು ನನಗೆ ವಿಪರೀತ ಭಯ.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಯಾರೋ ಆಚೆಯಿಂದ ಗೋಡೆ ತಟ್ಟಿದರು. ಕೆಲಸದವರಿರಬೇಕೆಂದು ಹಿತ್ತಿಲಿಗೆ ಹೋಗಿ ಇಣುಕಿದೆ. ಬಿಸಿಲು, ಕಲ್ಲುಮಣ್ಣು, ಬೀಗ ಹಾಕಿದ ಗೇಟು. ಒಬ್ಬರೂ ಇಲ್ಲ. ಒಳಗೆ ಬರುವಷ್ಟರಲ್ಲಿ ಮತ್ತೆ ಅದೇ ಸದ್ದು.

ಅಮ್ಮ ಕಣ್ಣು ಬಿಟ್ಟಳು. “ಜಯಕ್ಕ ಕರೀತಿದಾರೆ ಕಣೇ,” ಎನ್ನುತ್ತ ಗೋಡೆಗೆ ಕೈ ಚಾಚಿದಳು.

“ಬೇಡಮ್ಮಾ, ತಟ್ಬೇಡ!” ಎಂದು ಕಿರುಚಿದೆ. ತಟ್ಟಿಯೇಬಿಟ್ಟಳು. ಒಂದು ಸಲ, ‘ಬಂದೆ’ ಎಂದಂತೆ. ಸ್ವಲ್ಪ ತಡೆದು ಇನ್ನೊಂದು ಸಲ ತಟ್ಟಿದಳು.

ಹೋದ ಜೀವ ಬಂದಂತಾಯಿತು. ಅಮ್ಮ ಹೋಗುವುದಿಲ್ಲ! ಮರುಗಳಿಗೆಯೇ ಅವಳು ಏನು ಹೇಳಿದಳೆಂಬುದು ಹೊಳೆಯಿತು: ‘ನೀವೇ ಬನ್ನಿ’. ಓಡಿಹೋಗಿ ಹಿತ್ತಿಲ ಬಾಗಿಲು, ಮುಂಬಾಗಿಲು ಎರಡಕ್ಕೂ ಚಿಲಕ ಹಾಕಿದೆ. ಮುಂಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

“ಬಾಗಿಲು ತೆಗಿಯೇ, ಅವ್ರು ಬರ್ತಾರೆ,” ಎಂದು ಅಮ್ಮ ಕೂಗುತ್ತಿದ್ದಳು. ನಾನು ಏಳಲಿಲ್ಲ. ಯಾರೂ ಬಾಗಿಲು ಬಡಿಯಲಿಲ್ಲ. ಆಮೇಲೆ ಅಮ್ಮನ ದನಿಯೂ ನಿಂತಿತು. ಏನಾಗಿಹೋಯಿತೋ ಎಂದು ಒಳಗೆ ಓಡಿದೆ.

ಅಮ್ಮನ ಮೈ ಬೆವೆತು ತಣ್ಣಗಿತ್ತು, ಉಸಿರು ಸಲೀಸಾಗಿತ್ತು. “ಜಯಕ್ಕ ಹಣೆ ಮುಟ್ಟಿ ನೋಡಿದ್ರು. ಜ್ವರ ಬಿಡ್ತು, ಮಲ್ಕೊಳ್ಳಿ ಅಂದ್ರು,” ಎಂದಳು.

ಬಿಸಿಲಿಗೆ ಗಾರೆ ಸಿಡಿದಿರಬಹುದು, ಅಮ್ಮ ಜ್ವರದಲ್ಲಿ ಕನವರಿಸಿರಬಹುದು ಎಂದೆಲ್ಲ ಹೇಳಿಕೊಂಡು ನೋಡಿದ್ದೇನೆ. ಮನಸ್ಸು ಒಪ್ಪುವುದಿಲ್ಲ. ಅಮ್ಮ ಈಗ ಓಡಾಡಿಕೊಂಡಿದ್ದಾಳೆ. ಜಯಕ್ಕನಿಗೆ ಕೈಮುಗಿಯಬೇಕು ಅನ್ನಿಸುತ್ತದೆ, ಆದರೆ ಆ ಕೋಣೆಗೆ ಒಬ್ಬಳೇ ಹೋಗಲು ನನಗೆ ಇವತ್ತಿಗೂ ಧೈರ್ಯವಿಲ್ಲ.