ಖಾಲಿ ಬುಟ್ಟಿಗೆ ಎಷ್ಟು ಅಂಕ?

ಮಕ್ಕಳಿಗೆ ಪಾಠ ಅರ್ಥವಾಗಿದೆಯೋ ಇಲ್ಲವೋ ಎಂದು ಕಂಡುಹಿಡಿಯುವುದಕ್ಕೆ ನನಗೆ ಬಹಳ ವರ್ಷ ಸಂಬಳ ಕೊಟ್ಟರು. ಇದು ಆಗುವ ಕೆಲಸವೇ ಎಂದು ಅವರೂ ಕೇಳಲಿಲ್ಲ, ನಾನಾಗಿ ಹೇಳುವಷ್ಟು ದಡ್ಡಿ ನಾನೂ ಅಲ್ಲ. ಮನೆಯಲ್ಲಿ ನನ್ನ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಕೊತ್ತಂಬರಿ ತನ್ನಿ ಎಂದರೆ ಯಜಮಾನರು ಮೆಂತ್ಯದ ಸೊಪ್ಪು ಹಿಡಿದು ಬರುತ್ತಾರೆ. ಅಂಥವಳು ಶಾಲೆಗೆ ಹೋಗಿ ಒಂದು ಇಡೀ ತರಗತಿಯ ತಿಳುವಳಿಕೆಯನ್ನು ಅರ್ಧ ಅಂಕದವರೆಗೆ ತೂಗಿ ಕೊಡುತ್ತಿದ್ದೆ.

ಶಾಲೆ ಪುಣೆಯಲ್ಲಿ, ವಿಮಾನ ನಗರದ ಕಡೆಗೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಸುತ್ತಲೂ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಆ ವರ್ಷ ಏಳನೆಯ ತರಗತಿಯ ಇಂಗ್ಲಿಷಿಗೆ ಒಂದು ಐತಿಹಾಸಿಕ ಕಾದಂಬರಿ ಗೊತ್ತುಮಾಡಿದ್ದರು. ಹಿಂದಿನ ಕಾಲದಲ್ಲಿ ಕೆಲವು ಇಂಗ್ಲಿಷ್ ಕುಟುಂಬಗಳು ಹಡಗು ಹತ್ತಿ ಯಾವುದೋ ದೂರದ ದಡಕ್ಕೆ ಇಳಿದು, ಮರ ಕಡಿದು, ಮನೆ ಕಟ್ಟಿ, ಬೇಲಿ ಹಾಕಿ ನೆಲೆಯೂರಿದ ಕಥೆ. ನಮ್ಮ ಮಕ್ಕಳಿಗೆ ಹಿಮ ಗೊತ್ತಿಲ್ಲ, ಹಡಗು ಗೊತ್ತಿಲ್ಲ. ಆದರೆ ಹೊಸ ಮನೆ ಗೊತ್ತಿತ್ತು. ಅರ್ಧ ತರಗತಿಯ ತಂದೆತಾಯಿಗಳು ಬಿಲ್ಡರ್ ಫ್ಲ್ಯಾಟಿನ ಕೀಲಿ ಕೊಡುವ ದಾರಿ ಕಾಯುತ್ತಿದ್ದವರು. ಹೀಗಾಗಿ ಮೊದಲ ದಿನವೇ ಒಬ್ಬಳು ಎದ್ದು ನಿಂತು, ಅವರಿಗೆ ಪೊಸೆಶನ್ ಯಾವಾಗ ಸಿಕ್ಕಿತು ಎಂದು ಕೇಳಿದಳು.

ನಾನು ನಕ್ಕೆ. ನಗಬಾರದಿತ್ತು, ಯಾಕೆಂದರೆ ನಾವೂ ಬಂದು ನೆಲೆಯೂರಿದವರೇ. ನಮ್ಮ ಮಾವನವರ ತಂದೆ ವಿಜಾಪುರದಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟವರು. ಇಷ್ಟು ವರ್ಷವಾದರೂ ನಮ್ಮ ಮನೆಯಲ್ಲಿ ‘ಊರು’ ಎಂದರೆ ವಿಜಾಪುರವೇ. ಅಲ್ಲಿ ಈಗ ನಮಗೆ ಚಹಾ ಕೊಡುವವರೂ ಇಲ್ಲ, ಅದು ಬೇರೆ ಮಾತು. ಇತಿಹಾಸ ಬರೆಯುವವರದೂ ಹೀಗೇ ಒಂದು ಹಟ. ಹಡಗಿನವರು ಕಳೆದ ಚಳಿಗಾಲವನ್ನು ಅವರು ‘ಮೊದಲ ಚಳಿಗಾಲ’ ಎಂದು ಕರೆಯುತ್ತಾರೆ, ಅದಕ್ಕೆ ಮುಂಚೆ ಆ ದಡದಲ್ಲಿ ಯಾರಿಗೂ ಚಳಿಯೇ ಆಗಿರಲಿಲ್ಲವೇನೋ ಎಂಬಂತೆ. ಅಲ್ಲಿ ಮೊದಲಿನಿಂದ ಇದ್ದವರು ಇಂಥ ಪುಸ್ತಕಗಳಲ್ಲಿ ಗಿಡಮರಗಳ ವರ್ಣನೆಯ ಜೊತೆಗೆ ಬಂದು ಹೋಗುತ್ತಾರೆ.

ಈ ಕಾದಂಬರಿಯಲ್ಲೂ ಅಂಥ ಒಬ್ಬ ಮುದುಕಿ ಇದ್ದಳು. ಬಂದವರ ಮನೆಯಲ್ಲಿ ಕಾಳು ತೀರಿದಾಗ ಒಂದು ಬುಟ್ಟಿ ಮೆಕ್ಕೆಜೋಳ ತಂದು ಕೊಡುತ್ತಾಳೆ. ಮರುದಿನವೇ ಆ ಮನೆಯ ಗೃಹಿಣಿ ಬುಟ್ಟಿಯನ್ನು ಚೊಕ್ಕ ತೊಳೆದು ಹಿಂದಿರುಗಿಸುತ್ತಾಳೆ. ಬೇಸಿಗೆ ಬರುವ ಹೊತ್ತಿಗೆ ಸ್ಥಳೀಯರು ಅತ್ತ ಸುಳಿಯುವುದನ್ನೇ ಬಿಟ್ಟಿರುತ್ತಾರೆ. ಏಕೆ ಬಿಟ್ಟರು ಎಂಬುದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾಲ್ಕು ಅಂಕದ ಪ್ರಶ್ನೆ. ಮಾದರಿ ಉತ್ತರವನ್ನು ನಮ್ಮ ಸೂಪರ್‌ವೈಸರ್, ಮರಾಠಿ ರೂಢಿಯಂತೆ ಎಲ್ಲರೂ ‘ಬಾಯಿ’ ಎಂದು ಕರೆಯುತ್ತಿದ್ದವರು, ತಾವೇ ಬರೆದಿದ್ದರು: ಬೇಲಿ, ಬೇಟೆಯ ಕಾಡು, ಜಮೀನಿನ ತಕರಾರು. ಪಕ್ಕಾ ಪುಣೇಕರ ಹೆಂಗಸು. ಅವರ ಮಾದರಿ ಉತ್ತರದಿಂದ ಆಚೆ ಈಚೆ ಸರಿದವರು ಉದ್ಧಾರವಾದದ್ದಿಲ್ಲ.

ಸುಮಂಗಲಾ ಎಂಬ ಹುಡುಗಿ ಆ ಜೂನ್‌ನಲ್ಲಷ್ಟೇ ಇಂದಾಪುರದಿಂದ ಬಂದಿದ್ದಳು. ಮೂಲ ಬಾಗಲಕೋಟೆ ಕಡೆಯವರು, ತಂದೆ ಬೆಲ್ಲದ ವ್ಯಾಪಾರಿಯ ಹತ್ತಿರ ಗುಮಾಸ್ತ. ಅಲ್ಲಿಯವರೆಗೆ ಮರಾಠಿ ಶಾಲೆಯಲ್ಲಿ ಓದಿದವಳನ್ನು ಬಾಯಿ ಒಂದು ಕರಾರಿನ ಮೇಲೆ ಏಳನೆಯ ತರಗತಿಗೆ ಸೇರಿಸಿಕೊಂಡಿದ್ದರು. ಅರ್ಧವಾರ್ಷಿಕದಲ್ಲಿ ಇಂಗ್ಲಿಷ್ ಪಾಸಾಗಬೇಕು, ಇಲ್ಲವಾದರೆ ಆರನೆಯದಕ್ಕೆ ಇಳಿಯಬೇಕು. ಆರನೆಯದರಲ್ಲಿ ಅವಳ ತಮ್ಮ ಇದ್ದ. ತಮ್ಮನ ಪಕ್ಕದ ಬೆಂಚಿನಲ್ಲಿ ಕೂಡುವುದಕ್ಕಿಂತ ಶಾಲೆ ಬಿಡುವುದೇ ವಾಸಿ ಎಂದು ಅವಳು ಗೆಳತಿಯರ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ಉಳಿದದ್ದನ್ನೆಲ್ಲ ಕೂಡಿಸಿದರೆ ಅವಳಿಗೆ ಮೂರು ಅಂಕ ಕಡಿಮೆ ಬಿದ್ದವು. ಬಾಕಿ ಇದ್ದದ್ದು ಈ ಪ್ರಶ್ನೆಯೊಂದೇ. ಅದಕ್ಕೆ ಅವಳು ಹರಕು ಮುರುಕು ಇಂಗ್ಲಿಷಿನಲ್ಲಿ ಬರೆದದ್ದು ಎರಡೇ ಮಾತು: ಬುಟ್ಟಿ ಖಾಲಿ ಇತ್ತು. ಅವರು ಸ್ವಲ್ಪ ದಿನ ತಡೆಯಬೇಕಾಗಿತ್ತು.

ಸೊನ್ನೆ ಹಾಕಲು ಕೈ ಬರಲಿಲ್ಲ, ಅಂಕ ಹಾಕಲು ಧೈರ್ಯವಿರಲಿಲ್ಲ. ಪತ್ರಿಕೆ ಹಿಡಿದು ಬಾಯಿಯ ಕೋಣೆಗೆ ಹೋದೆ.

“ಹೇ ಕುಠೂನ್ ಆಲಂ?” ಎಂದರು, ಇದೆಲ್ಲಿಂದ ಬಂತು ಎಂದು. ಬುಟ್ಟಿಯನ್ನು ಮರುದಿನವೇ ತಿರುಗಿ ಕೊಟ್ಟದ್ದು ಬಂದವರ ಪ್ರಾಮಾಣಿಕತೆಗೆ ಉದಾಹರಣೆ ಎಂದು ಗೈಡಿನಲ್ಲೇ ಇದೆಯಲ್ಲ ಎಂದೂ ಕೇಳಿದರು. ಗೈಡಿನಲ್ಲಿ ಇದ್ದದ್ದು ನಿಜ. ಅವಳನ್ನೇ ಕರೆದು ಕೇಳೋಣ ಎಂದೆ.

ಸುಮಂಗಲಾ ಬಂದು ಬಾಗಿಲಲ್ಲೇ ನಿಂತಳು. ಬಾಯಿಗೆ ಮರಾಠಿಯಲ್ಲಿ ಹೇಳಲು ಶುರುಮಾಡಿ ಅರ್ಧಕ್ಕೇ ಬಿಟ್ಟಳು. ನನ್ನ ಕಡೆ ತಿರುಗಿದಳು.

“ನಾವು ಇಲ್ಲಿಗೆ ಬಂದ ಮರುದಿನ ಬಾಜೂ ಮನಿ ಕಾಕೂ ಡಬ್ಬಿ ತುಂಬ ಪೋಹೆ, ಅಂದ್ರ ಅವಲಕ್ಕಿ, ಕೊಟ್ಟಿದ್ರುರಿ. ಡಬ್ಬಿ ಖಾಲಿ ಹೊಳ್ಳಿ ಹೆಂಗ ಕೊಡೂದಂತ ಅವ್ವ ಇಟಗೊಂಡ್ಳು. ಸಾಮಾನೆಲ್ಲಾ ಇಂದಾಪುರದಾಗ ಇತ್ತು, ಮನ್ಯಾಗ ಸಕ್ಕರಿ ಸುದ್ದಾ ಇರಲಿಲ್ರಿ. ಭಾಳ ದಿನ ಆತು. ಕಾಕೂ ಬಂದು, ನಮ್ಮ ಡಬ್ಬಿ ನುಂಗಿದ್ರೇನು ಅಂದ್ರು. ಅವ್ವ ಭಾಳ ಅತ್ತಳ್ರಿ. ಆದ್ರೂ ಖಾಲಿ ಕೊಡಲಿಲ್ಲ. ಒಂದು ಮುಷ್ಟಿ ಅಕ್ಕಿ ಹಾಕೇ ಕೊಟ್ಟಳು.”

ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಬಾಯಿ ಅಷ್ಟಕ್ಕೆ ಬಿಡುವವರಲ್ಲ. ಕಥೆಯವರ ಮನೆಯಲ್ಲಿ ಒಂದು ಮುಷ್ಟಿ ಅಕ್ಕಿಯೂ ಇರಲಿಲ್ಲವಲ್ಲ, ಅವರು ಏನು ಹಾಕಬೇಕಾಗಿತ್ತು ಎಂದರು.

ಹುಡುಗಿ ತುಸು ಯೋಚಿಸಿ, “ಏನೂ ಇಲ್ಲಂದ್ರ ಒಳಗ ಕರದು ಕೂಡಸಬೇಕಾಗಿತ್ರಿ. ಆ ಮುದುಕಿನ್ನ ಯಾವಾಗ ಬಂದ್ರೂ ಬಾಗಲದಾಗ ನಿಂದರಿಸ್ಯಾರ,” ಎಂದಳು.

ಪುಸ್ತಕ ತೆರೆದು ನೋಡಿದೆ. ಹೌದು. ಮುದುಕಿ ಬಂದಾಗಲೆಲ್ಲ ಹೊಸ್ತಿಲಾಚೆಯೇ ನಿಂತಿದ್ದಾಳೆ. ಬರೆದವರಿಗೂ ಅದು ಗಮನಕ್ಕೆ ಬಂದಂತಿರಲಿಲ್ಲ. ಪ್ರಶ್ನೆ ತೆಗೆಯಲೆಂದು ಆ ಪುಸ್ತಕವನ್ನು ಎಷ್ಟು ಸಲ ಓದಿದ್ದೆನೋ, ನನಗೂ ಬಂದಿರಲಿಲ್ಲ.

ಬಾಯಿ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೂ ಆ ಪುಟಗಳನ್ನು ತಿರುವಿ ನೋಡಿದರು. ಆಮೇಲೆ ಎದುರಿನ ಕುರ್ಚಿ ತೋರಿಸಿ, “ಆತ್ ಯೇ. ಬಸ್, ಬಾಳ,” ಎಂದರು. ಒಳಗೆ ಬಾ, ಕೂಡು ಮಗೂ ಎಂದು. ಆ ಕುರ್ಚಿಯಲ್ಲಿ ಮಕ್ಕಳಿರಲಿ, ನಾವು ಟೀಚರುಗಳೂ ಕೂತವರಲ್ಲ. ಸುಮಂಗಲಾ ಅದರ ಅಂಚಿಗೆ ಕೂತಳು. ಇಂಗ್ಲಿಷ್ ಸರಿಯಿಲ್ಲದ್ದಕ್ಕೆ ಒಂದು ಕಳೆದು ಮೂರು ಅಂಕ ಹಾಕಿ ಎಂದು ಬಾಯಿ ನನಗೆ ಅಪ್ಪಣೆ ಕೊಟ್ಟರು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಬಾಯಿ ಶಿಸ್ತಿನವರು. ಒಳ್ಳೆಯ ಉತ್ತರ ಹಾಳಾಗಬಾರದೆಂದು ಅದನ್ನು ಮಾದರಿ ಉತ್ತರಕ್ಕೇ ಸೇರಿಸಿದರು. ಮುಂದಿನ ವರ್ಷ ಇಡೀ ಏಳನೆಯ ತರಗತಿ ಒಂದೇ ಉಸಿರಿಗೆ, ಒಂದೇ ವಾಕ್ಯದಲ್ಲಿ, ಬುಟ್ಟಿ ಖಾಲಿ ಇತ್ತು, ಮುದುಕಿಯನ್ನು ಬಾಗಿಲಲ್ಲಿ ನಿಲ್ಲಿಸಿದರು ಎಂದು ಬರೆಯಿತು. ಇಂಗ್ಲಿಷ್ ತಪ್ಪಿಲ್ಲ. ಎಲ್ಲರಿಗೂ ನಾಲ್ಕಕ್ಕೆ ನಾಲ್ಕು.

ಪತ್ರಿಕೆ ಹಂಚಿದ ಮರುದಿನ ಸುಮಂಗಲಾ ಸ್ಟಾಫ್ ರೂಮಿಗೆ ಬಂದಳು. ಈಗ ಎಂಟನೆಯ ತರಗತಿ, ಬಾಗಿಲಲ್ಲೇ ನಿಲ್ಲುವ ಕಾಲ ಮುಗಿದಿತ್ತು.

“ಟೀಚರ್, ನಮ್ಮ ತಮ್ಮಗ ನಾಲ್ಕು ಹೆಂಗ್ರಿ? ನನಗ ಮೂರ ಕೊಟ್ಟಿದ್ರಿ.”

ಅವನ ಇಂಗ್ಲಿಷ್ ಚೆನ್ನಾಗಿತ್ತಲ್ಲ ಎಂದು ನಾನು ಗೊಣಗಿದೆ.

“ಇಂಗ್ಲಿಷ್ ಇರಲಿ ಬಿಡ್ರಿ. ಅವ್ವ ಅಳೂವಾಗ ಬಾಜೂಕ ನಿಂತಾಕಿ ನಾನು,” ಎಂದಳು ಸುಮಂಗಲಾ. “ಅವ ಪೋಹೆ ಅಷ್ಟ ತಿಂದಾವ್ರಿ, ಆವತ್ತ ಮಲಗಿದ್ದ.”