ಚಿನ್ನದ ಅಂಚಿನ ಬಯೋಡೇಟಾ

ಪ್ರಿಂಟರಿನಿಂದ ಆಗತಾನೇ ಹೊರಬಂದ ಬಿಸಿ ಹಾಳೆಯ ವಾಸನೆ ನಿಮಗೆ ಇಷ್ಟವೋ ಇಲ್ಲವೋ ಕಾಣೆ. ನನಗಂತೂ ಅದು ಮೂಗಿಗೆ ಬಡಿದರೆ ನನ್ನ ಪೆದ್ದುತನ ನೆನಪಾಗುತ್ತದೆ. ಜೋಗುಪಾಳ್ಯದ ಜೆರಾಕ್ಸ್ ಅಂಗಡಿಯಲ್ಲಿ ಕೂತವನಿಗೆ ದಿನಕ್ಕೆ ಹತ್ತು ಸಲ ನೆನಪಾಗುತ್ತದೆ. ಇವತ್ತು ಬೆಳಗ್ಗೆ ಒಬ್ಬ ಹೆಂಗಸು ಬಯೋಡೇಟಾ ಪ್ರಿಂಟಿಗೆ ಕೊಟ್ಟಾಗಲೂ ಹಾಗೇ ಆಯಿತು.

ಶಿವಾಜಿನಗರದ ಪ್ರೆಸ್ಸೊಂದರಲ್ಲಿ ಹತ್ತೊಂಬತ್ತು ವರ್ಷ ಮದುವೆ ಕಾರ್ಡು ಮಾಡಿದವನು ನಾನು. ಕನ್ನಡ, ತಮಿಳು, ಉರ್ದು, ಯಾವ ಭಾಷೆಯ ಮದುವೆಯಾದರೂ ಕಾರ್ಡಿನ ಅಂಚಿನ ಚಿತ್ತಾರ ನನ್ನದೇ. ಜನ ಮೊಬೈಲಿನಲ್ಲೇ ಕರೆಯೋಲೆ ಕಳಿಸತೊಡಗಿದರು, ಪ್ರೆಸ್ಸು ಮುಚ್ಚಿತು. ನಲವತ್ತೇಳನೇ ವಯಸ್ಸಿಗೆ ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಕೂತೆ. ಸುಮ್ಮನೆ ಕೂತೆ ಎಂದುಕೊಳ್ಳಬೇಡಿ. ದಿನಾ ಇಸ್ತ್ರಿ ಷರ್ಟು ತೊಟ್ಟು ಲ್ಯಾಪ್‌ಟಾಪಿನ ಮುಂದೆ ಬಯೋಡೇಟಾ ತಿದ್ದುತ್ತಿದ್ದೆ. ಅಂಚಿಗೆ ಬಳ್ಳಿಯೋ ನವಿಲೋ ಎನ್ನುವುದಕ್ಕೇ ಒಂದು ವಾರ ಹಿಡಿಯಿತು. ಹೆಂಡತಿ ಇಣುಕಿ, "ಇನ್ನೂ ಮುಗೀಲಿಲ್ವಾ?" ಎಂದರೆ, "ಕೆಲಸ ಹುಡುಕೋದೂ ಒಂದು ಕೆಲಸಾನೇ ಕಣೇ" ಎಂದು ಗದರುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಭಯ. ತಿದ್ದುತ್ತಿರುವಷ್ಟು ದಿನ ಯಾರೂ ನನ್ನನ್ನು ಬೇಡ ಎನ್ನುವಂತಿರಲಿಲ್ಲ.

ಪಕ್ಕದ ರೂಮಿನ ಶರಣಮ್ಮ ಯಾದಗಿರಿ ಕಡೆಯವರು, ಕಟ್ಟಡ ಕೆಲಸ. ಬೆಳಗ್ಗೆ ಏಳಕ್ಕೆಲ್ಲ ಬುಟ್ಟಿ, ಸಲಿಕೆ ಹಿಡಿದು ಕೆ.ಆರ್. ಪುರದಲ್ಲಿ ಮೇಸ್ತ್ರಿಗಳು ಆಳು ಆರಿಸುವ ಸರ್ಕಲ್ಲಿಗೆ ಹೋಗುತ್ತಿದ್ದರು. "ಸಲಿಕಿ ಮನ್ಯಾಗ ಇಟ್ಟು ಹೋದ್ರ ಯಾರೂ ಕರಿಯಂಗಿಲ್ರಿ ಸರ. ಮುಂದ ನಿಂದ್ರಬೇಕು, ಕಣ್ಣಿಗೆ ಬೀಳಬೇಕು" ಎಂದು ಒಮ್ಮೆ ಹೇಳಿದ್ದರು. ಅದು ನನಗೇ ಹೇಳಿದ್ದು ಎಂದು ಹೊಳೆಯಲಿಲ್ಲ.

ಕೊನೆಗೂ ದಪ್ಪ ಕಾಗದ, ಚಿನ್ನದ ಅಂಚು, ಎರಡು ನವಿಲು, ನೂರು ಪ್ರತಿ. ಶಿವಾಜಿನಗರದಿಂದ ಇಂದಿರಾನಗರದವರೆಗೆ ಅರವತ್ತು ಅಂಗಡಿಗೆ ಹಂಚಿದೆ. ಆಮೇಲೆ ಒಂದು ತಿಂಗಳು ಫೋನು ಕಾದೆ. ಬಚ್ಚಲಿಗೂ ಅದು ನನ್ನ ಜೊತೆ ಬರುತ್ತಿತ್ತು. ಒಂದು ಕರೆಯೂ ಇಲ್ಲ. ನನ್ನ ಕಾಲ ಮುಗಿಯಿತು ಎಂದು ಒಮ್ಮೆ ಅತ್ತುಬಿಟ್ಟೆ ಕೂಡ.

ಒಂದು ಸಂಜೆ ಶರಣಮ್ಮ ತಮ್ಮ ಸೈಟಿನ ಇಂಜಿನಿಯರಿಗೆ ಕೊಡಲು ಒಂದು ಪ್ರತಿ ಕೇಳಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಲಗ್ನಪತ್ರ ಇದ್ದಂಗ ಐತಿ, ಭಾಳ ಚಂದ. ಫೋನ್ ನಂಬರ ಎಲ್ಲೈತ್ರಿ?"

"ಕೆಳಗಿದೆ ನೋಡಿ."

"ಇಲ್ರಿ ಸರ. ನನಗ ಅಕ್ಷರ ಬರಂಗಿಲ್ಲ, ಅಂಕಿ ಅಷ್ಟ ಬರ್ತಾವ. ಇದ್ರಾಗ ಹತ್ತಂಕಿ ಎಲ್ಲೂ ಇಲ್ಲ."

ಇರಲಿಲ್ಲ. ಮದುವೆ ಕಾರ್ಡಿಗೆ ಫೋನ್ ನಂಬರು ಪಾರ್ಟಿಯವರು, ಅಂದರೆ ಗಿರಾಕಿಗಳು, ಕೇಳಿದರೆ ಮಾತ್ರ ಹಾಕುವುದು ನಮ್ಮ ಪ್ರೆಸ್ಸಿನ ರೂಢಿ. ಅಚ್ಚಿಗೆ ಮುಂಚೆ ಪಾರ್ಟಿ ಪ್ರೂಫು ನೋಡಿ 'ಓಕೆ' ಎಂದು ಸಹಿ ಹಾಕಬೇಕು. ಇಲ್ಲಿ ಪಾರ್ಟಿಯೂ ನಾನೇ, ಓಕೆಯೂ ನನ್ನದೇ. ಮನೆ ವಿಳಾಸ ಮಾತ್ರ ಕಲ್ಯಾಣ ಮಂಟಪದ ವಿಳಾಸದ ಹಾಗೆ ದಪ್ಪಕ್ಷರದಲ್ಲಿತ್ತು. ನಾನು ನಕ್ಕೆ, ಶರಣಮ್ಮ ನಗಲಿಲ್ಲ. "ಪೆನ್ನು ತಗೊಂಡು ಬರೀರಿ. ನಾಳಿ ಮತ್ತ ಎಲ್ಲಾ ಅಂಗಡಿಗೆ ಹೋಗ್ರಿ" ಎಂದರು.

ನಾಚಿಕೆ ಬಿಟ್ಟು ಹೋದೆ. ಬಹಳಷ್ಟು ಕಡೆ ನನ್ನ ಕಾರ್ಡು ಕಸಕ್ಕೆ ಸೇರಿತ್ತು. ಇಲ್ಲಿ, ಈ ಜೆರಾಕ್ಸ್ ಅಂಗಡಿಯ ಮಾಲೀಕ ಸೆಲ್ವಂ ಮಾತ್ರ ಅದನ್ನು ದೇವರ ಪಟದ ಪಕ್ಕ ಸಿಕ್ಕಿಸಿದ್ದರು. "ಕಾರ್ಡ್ ಸೂಪರ್ ಆಗಿದೆ ಅಂತ ಇಟ್ಕೊಂಡೆ ಗುರು. ನಂಗೂ ಆಳು ಬೇಕಿತ್ತು. ಯಾರಿಗೆ ಫೋನ್ ಮಾಡ್ಲಿ ಹೇಳು, ನವಿಲಿಗಾ?" ಎಂದರು. ಮರುದಿನವೇ ಸೇರಿಕೊಂಡೆ.

ಅಂದಿನಿಂದ ಯಾರ ಬಯೋಡೇಟಾ ಬಂದರೂ ಅದರಲ್ಲಿರುವ ನಂಬರಿಗೆ ಕರೆ ಮಾಡಿ ನೋಡುವುದು ನನ್ನ ಚಾಳಿ. ಇವತ್ತೂ ಮಾಡಿದೆ. ಬೆಳಗ್ಗೆ ಬಂದ ಆ ಹೆಂಗಸಿನ ಬ್ಯಾಗಿನೊಳಗೆ ರಿಂಗಾಯಿತು. ಶಾಲೆಯೊಂದರ ಆಫೀಸಿನ ಕೆಲಸ ಹೋಗಿ ಐದು ತಿಂಗಳಾಯಿತು ಎಂದು ಆಗಷ್ಟೇ ಹೇಳಿದ್ದರು. ಗಡಿಬಿಡಿಯಿಂದ ಫೋನು ತೆಗೆದು, ಸೆರಗು ಸರಿಮಾಡಿಕೊಂಡು, ನನಗೆ ಬೆನ್ನು ತಿರುಗಿಸಿ, "ಹಲೋ, ಹೇಳಿ ಸರ್, ನಾನೇ ಮಾತಾಡ್ತಿರೋದು" ಎಂದರು.

ಆ ದನಿ ನನಗೆ ಗೊತ್ತು. ಬಚ್ಚಲಲ್ಲಿ ಒಂದು ತಿಂಗಳು ನಾನು ಅಭ್ಯಾಸ ಮಾಡಿದ ದನಿ ಅದು. "ಮೇಡಂ, ನಾನೇ, ಇಲ್ಲಿಂದಾನೇ. ನಂಬರ್ ಸರಿ ಇದೆ" ಎಂದೆ. ಅವರು ತಿರುಗಿದಾಗ ಮುಖ ನೋಡಲಾಗಲಿಲ್ಲ. ಇನ್ನು ಮೇಲೆ ನಂಬರು ಓದಿ ಹೇಳಿ ಸರಿಯಾ ಎಂದು ಕೇಳುತ್ತೇನೆ, ಕರೆ ಮಾಡುವುದಿಲ್ಲ.

"ಒಂದು ಪ್ರತಿ ನಂಗೂ ಇರಲಿ ಮೇಡಂ" ಎಂದು ಕೇಳಿದೆ. ದೇವರ ಪಟದ ಪಕ್ಕದಿಂದ ನನ್ನ ನವಿಲುಗಳನ್ನು ಇಳಿಸಿ, ಅಂಗಡಿಗೆ ಬರುವವರ ಕಣ್ಣಿಗೆ ಬೀಳುವಂತೆ ಅವರ ಹಾಳೆಯನ್ನು ಅಲ್ಲಿ ಸಿಕ್ಕಿಸಿದೆ.