ನಗೆ ಕೇಳಿಸಿತು, ಮಾತು ಕೇಳಿಸಲಿಲ್ಲ

ಒಂದು ನಾಗರಿಕತೆ ಹಾಳಾಗುವುದು ಯುದ್ಧದಿಂದಲ್ಲ, ಜನ ಸ್ಪಷ್ಟವಾಗಿ ಮಾತಾಡುವುದನ್ನು ಬಿಟ್ಟಾಗ. ಈ ಗಂಭೀರ ತೀರ್ಮಾನಕ್ಕೆ ನಾನು ಬಂದದ್ದು ಬೈಲಹೊಂಗಲದ ಕಾಯಿಪಲ್ಲೆ ಪೇಟೆಯಲ್ಲಿ, ಬದನೆಕಾಯಿಯ ದರವನ್ನು ಮತ್ತೆ ಮತ್ತೆ ಕೇಳುತ್ತ ನಿಂತಾಗ.

ಆ ವಾರ ಊರಿಗೆ ಊರೇ ಗೊಣಗತೊಡಗಿತ್ತು. ಬದನೆಕಾಯಿಯವಳು ಗೊಣಗಿದಳು, ಕಂಡಕ್ಟರ್ ಗೊಣಗಿದ, ಗುಡಿಯಲ್ಲಿ ಮಂತ್ರವೂ ಗೊಣಗಾಟವಾಯಿತು. ನಮ್ಮದು ಪೌರೋಹಿತ್ಯದ ಮನೆತನ. ಅಜ್ಜ ಸಂಕಲ್ಪ ಹೇಳಿದರೆ ಓಣಿಯ ಆ ತುದಿಯಲ್ಲಿ ನಾಯಿ ಎದ್ದು ಕೂಡುತ್ತಿತ್ತು. ಕಾಲ ಕೆಟ್ಟಿತೆಂದು ಸುಮ್ಮನಾದೆ. ಆದರೆ ಇಂಗ್ಲೆಂಡಿನವರೂ ಗೊಣಗಲು ಶುರುಮಾಡಿದಾಗ ಹೆದರಿಕೆಯಾಯಿತು.

ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿಗಳು ನನಗಿರುವ ಒಂದೇ ಚಟ. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಟಿವಿಯ ಮುಂದೆ ಕೂಡುತ್ತೇನೆ. ಅವುಗಳಲ್ಲಿ ಏನೂ ಆಗುವುದಿಲ್ಲ; ಅದೇ ಅವುಗಳ ದೊಡ್ಡಸ್ತಿಕೆ. ತಣ್ಣಗಾದ ಚಹಾ, ತಿರುವುಮುರುವಾದ ಛತ್ರಿ, ಮುಚ್ಚಲು ಬಾರದ ಕಿಟಕಿ. ಇಷ್ಟಕ್ಕೇ ಒಬ್ಬ ನಡುವಯಸ್ಸಿನವನು ರಾಜ್ಯ ಕಳೆದುಕೊಂಡವನಂತೆ ಒದ್ದಾಡುತ್ತಾನೆ. ನಳಕ್ಕೆ ನೀರು ಬಂದ ಹೊತ್ತಿಗೇ ಕರೆಂಟು ಹೋಗುವ ಓಣಿಯಲ್ಲಿರುವ ನನಗೆ ಅವನು ಸೋದರಮಾವನಿದ್ದ ಹಾಗೆ.

ಆ ಸಂಜೆ ಅವನು ತುಟಿ ಆಡಿಸಿದ. ಮಾತು ಗಾದಿಯ ಕೆಳಗಿನಿಂದ ಬಂದಂತಿತ್ತು. ಕೂಡಲೇ ಧಾರಾವಾಹಿಯ ಪ್ರೇಕ್ಷಕರೆಲ್ಲ ಹೋ ಎಂದು ನಕ್ಕರು. ಪಕ್ಕದಲ್ಲಿ ಚವಳಿಕಾಯಿ ಮುರಿಯುತ್ತಿದ್ದ ನನ್ನ ಹೆಂಡತಿಯೂ ನಕ್ಕಳು. ಆಕೆಗೆ ಇಂಗ್ಲಿಷ್ ಬರುವುದಿಲ್ಲ.

“ಏನಂದಾ ಅಂವಾ?”

“ನನಗೇನ ಗೊತ್ರೀ? ಹೂದಾನಿ ಒಡದು ಬೆನ್ನ ಹಿಂದ ಮುಚ್ಚಿ ಹಿಡಕೊಂಡಾನ, ಹೆಂಡ್ತಿ ಬಾಗಲದಾಗ ನಿಂತಾಳ. ಸುಳ್ಳ ಹೇಳಿರತಾನ. ಗಂಡಸೂರು ಇನ್ನೇನ ಹೇಳತಾರ?”

ವಿವರಣೆ ಸರಿಯಾಗಿಯೇ ಇತ್ತು. ಹಾಗಾದರೆ ಕೆಟ್ಟದ್ದು ಇಂಗ್ಲೆಂಡಲ್ಲ, ನನ್ನ ಕಿವಿಯೇ ಇರಬೇಕು. ನನ್ನ ಎಡಗಿವಿ ಮೊದಲಿನಿಂದಲೂ ಮಂದ, ದುಡಿಯುತ್ತಿದ್ದದ್ದು ಬಲಗಿವಿಯೊಂದೇ. ಪರದೆಯ ಕೆಳಗೆ ಅಕ್ಷರ ಬರಿಸಿಕೊಳ್ಳಬಹುದಿತ್ತು, ಆದರೆ ಹಾಸ್ಯವನ್ನು ಓದುವುದೆಂದರೆ ಹೋಳಿಗೆಯ ಫೋಟೋ ನೆಕ್ಕಿದ ಹಾಗೆ. ಹೋಗಲಿ, ಹೆಂಡತಿ ಹೇಳುವಳು. ಅದನ್ನಾದರೂ ಕೇಳುವುದು ಯಾವ ಕಿವಿಯಿಂದ? ಹೆದರಿದ್ದು ಇದಕ್ಕೆ.

“ಇನ್ನೊಂದ ಮಾತು,” ಎಂದಳು, ದನಿ ಏರಿಸಿ. “ಕಟಕೋಳದ ಲಗ್ನಕ್ಕ ಹೋಗಿ ಬಂದಾಗಿಂದ ನಿಮ್ಮ ಹತ್ರ ಬಂದ್ರ ಘಮ್ಮ ಅಂತದ. ಜಳಕಾ ಮಾಡಿದ್ರೂ ಹೋಗವಲ್ತು. ಈ ವಯಸ್ಸಿನಾಗ ಸೆಂಟ ಹಚಗೊಳ್ಳಿಕ್ಕ ಹತ್ತೀರೇನು?”

ನಾನು ಏನೂ ಹಚ್ಚಿಕೊಂಡಿರಲಿಲ್ಲ. ಹಾಗೆಂದು ಹೇಳಿದೆ. ಆಕೆ ಚವಳಿಕಾಯಿಯನ್ನು ಸ್ವಲ್ಪ ಜೋರಾಗಿ ಮುರಿದಳು.

ಮರುದಿನ ಇಬ್ಬರೂ ಕಿವಿ ಡಾಕ್ಟರ ಹತ್ತಿರ ಹೋದೆವು. ಹರೆಯದ ಡಾಕ್ಟರು ಬ್ಯಾಟರಿ ಬಿಟ್ಟು ಬಗ್ಗಿ ನೋಡಿ, ತುಸು ಹಿಂದೆ ಸರಿದು ಮೂಗರಳಿಸಿದರು.

“ಯಾವುದಾರ ಲಗ್ನಕ್ಕ ಹೋಗಿದ್ರೇನರಿ ಸರ್?”

ಚಿಮಟಾ ಒಳಗೆ ಹೋಯಿತು. ಹೊರಗೆ ಬಂದದ್ದು ಕಂದುಬಣ್ಣಕ್ಕೆ ತಿರುಗಿದ ಒಂದು ಅರಳೆಯ ಉಂಡೆ. ಕೋಣೆಯೆಲ್ಲ ಮಲ್ಲಿಗೆಯ ಅತ್ತರು ಹರಡಿತು. ಬೀಗರು ಅತ್ತರಿನ ಅರಳೆಯನ್ನು ಕಿವಿಯ ಮಡಿಕೆಗೆ ಸಿಕ್ಕಿಸುವುದು ನಮ್ಮ ಕಡೆಯ ಮರ್ಯಾದೆ. ಮರಳುವಾಗ, ಸವದತ್ತಿ ದಾಟಿದ ಮೇಲೆ, ಬಸ್ಸಿನ ಕಿಟಕಿ ಏನು ಮಾಡಿದರೂ ಮುಚ್ಚಲಿಲ್ಲ. ಗಾಳಿ ತಡೆಯಲಾಗದೆ ಆ ಅರಳೆಯನ್ನೇ ಬಲಗಿವಿಯೊಳಗೆ ಒತ್ತಿ, ನಿದ್ದೆ ಹೋಗಿ, ಮರೆತಿದ್ದೆ.

“ಕಿವಿ ಏನೂ ಕೆಟ್ಟಿಲ್ಲರಿ. ಬಾಗಲಾ ಹಾಕ್ಕೊಂಡಿತ್ತಷ್ಟ,” ಎಂದರು ಡಾಕ್ಟರು.

“ಬೀಗರ ಅತ್ತರೇನಿದು! ನಾ ಏನೇನರ ವಿಚಾರ ಮಾಡಿದ್ದೆ,” ಎಂದಳು ಹೆಂಡತಿ, ತನ್ನಷ್ಟಕ್ಕೇ, ಬಹಳ ಮೆಲ್ಲಗೆ.

ನನಗೆ ಪೂರ್ತಿ ಕೇಳಿಸಿತು. ಅಷ್ಟು ಹಿತವಾದ ಮಾತನ್ನು ನಾನು ಬೇರೆ ಕೇಳಿಲ್ಲ.

ಸಂಜೆ ಅದೇ ಕಂತನ್ನು ಮತ್ತೆ ಹಾಕಿದೆ. ಹೂದಾನಿಯವನು ಸುಳ್ಳನ್ನೇ ಹೇಳಿದ್ದ.